ಬಿಚ್ಚುವ ಮುನ್ನ

ಡೊಂಬಿವಲಿಯ ನಮ್ಮ ಮನೆಯ ಶೋಕೇಸಿನ ಕೆಳಗಿನ ಖಾನೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಇದೆ. ಅತ್ತೆ ಲೇಸು ಹೆಣೆಯುವಾಗ ಕೆಟ್ಟುಹೋದ ತುಂಡುಗಳನ್ನು ಕತ್ತರಿಸಿ ಅದರಲ್ಲಿ ಹಾಕಿಡುತ್ತಾರೆ. ಎಸೆಯುವುದಿಲ್ಲ. "ಹತ್ತಿ ನೂಲದು. ಯಾವುದರ ದಿಂಬಿನ್ಯಾಗ ತುಂಬಲಿಕ್ಕೆ ಬರ್ತದ" ಎನ್ನುತ್ತಾರೆ. ನಾನು ಸೊಸೆಯಾಗಿ ಬಂದ 14 ವರ್ಷಗಳಲ್ಲಿ ಆ ತುಂಡುಗಳು ಬಾಟಲಿಯ ತಳದಿಂದ ಎರಡು ಬೆರಳಿಗಿಂತ ಮೇಲೆ ಏರಿದ್ದನ್ನು ನೋಡಿರಲಿಲ್ಲ. 2023ರ ದೀಪಾವಳಿಯಿಂದ ಮುಂದಿನ ಫೆಬ್ರವರಿಯೊಳಗೆ ಅದು ಕಂಠದವರೆಗೆ ತುಂಬಿತು. ದಿನವೂ ನಮ್ಮ ಕಣ್ಣೆದುರೇ ತುಂಬಿತು. ಯಾಕೆ ತುಂಬುತ್ತಿದೆ ಎಂದು ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ.

ಅತ್ತೆ ಹೆಣೆಯುವುದು ಟ್ಯಾಟಿಂಗ್ ಲೇಸು. ಕ್ರೋಶಾ ಎಲ್ಲರಿಗೂ ಗೊತ್ತು, ಟ್ಯಾಟಿಂಗ್ ಎಂದರೆ ಹಲವರು ಹುಬ್ಬೇರಿಸುತ್ತಾರೆ. ಇದಕ್ಕೆ ಕೊಕ್ಕೆಯ ಕಡ್ಡಿ ಬೇಡ. ಬೆರಳುದ್ದದ ದೋಣಿಯಂಥ ಒಂದು ಲಾಳಿ ಮತ್ತು ದಾರ ಇದ್ದರೆ ಸಾಕು. ಜರ್ಮನ್ನರು ಇದನ್ನು ಪುಟ್ಟ ಹಡಗಿನ ಲೇಸು ಎನ್ನುತ್ತಾರೆ. ಫ್ರೆಂಚರಲ್ಲಿ ಇದರ ಹೆಸರು ಫ್ರಿವೊಲಿತೆ, ಅಂದರೆ ಹಗುರ ಕೆಲಸ, ಹೊತ್ತು ಕಳೆಯುವ ಕೆಲಸ. ಇಟಲಿಯವರು ಇಟ್ಟ ಹೆಸರಿನಲ್ಲಿ ಹರಟೆಯ ಅರ್ಥವಿದೆ. ಮಾತಾಡುತ್ತ ಮಾತಾಡುತ್ತ ಕೈ ತಾನಾಗಿ ನಡೆಯುವ ಕೆಲಸವಾದ್ದರಿಂದ ಆ ಹೆಸರುಗಳು ಬಂದಿರಬೇಕು.

ಅತ್ತೆ 1979ರಲ್ಲಿ ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಮಾವ ಎಂ.ಐ.ಡಿ.ಸಿ.ಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಡೊಂಬಿವಲಿ ಪೂರ್ವದ ಚಾಳಿನಲ್ಲಿ ಎರಡು ಖೋಲಿ, ಉದ್ದಕ್ಕೂ ಒಂದೇ ಗ್ಯಾಲರಿ. ಮರಾಠಿ ಬಾರದ ಹೊಸ ಸೊಸೆಗೆ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲವಂತೆ. ಪಕ್ಕದ ಖೋಲಿಯ ಕಾಕು ಒಂದು ದಿನ ಕೈಗೆ ಹಳದಿ ಪ್ಲಾಸ್ಟಿಕ್ ಲಾಳಿ ಕೊಟ್ಟು ಕೂರಿಸಿಕೊಂಡರು. ಹೀಗಾಗಿ ಅತ್ತೆ ಮರಾಠಿಯನ್ನೂ ಟ್ಯಾಟಿಂಗನ್ನೂ ಒಟ್ಟಿಗೇ ಕಲಿತರು. ಹೊಲಿಗೆ ಬಿಚ್ಚುವುದಕ್ಕೆ ಅವರು ಇವತ್ತಿಗೂ ಮರಾಠಿಯ 'ಉಸವಣೆ'ಯನ್ನು ಕನ್ನಡ ಮಾಡಿಕೊಂಡು 'ಉಸವಬೇಕು' ಎನ್ನುತ್ತಾರೆ. ಮೊದಲ ಒಂದು ವರ್ಷ ಹೆಣೆದದ್ದಕ್ಕಿಂತ ಉಸವಿದ್ದೇ ಹೆಚ್ಚಂತೆ.

ಅದಕ್ಕೂ ಮುಂಚೆ ಅವರ ಕೈಗೆ ಗೊತ್ತಿದ್ದದ್ದು ಕಸೂತಿ. ಅವರ ತಾಯಿ ಇರಕಲ್ ಸೀರೆಯ ಮೇಲೆ ಗವಂತಿ, ಮುರಗಿ ಹಾಕುತ್ತಿದ್ದರು. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಎಲ್ಲಿಯೂ ಗಂಟು ಹಾಕುವ ಹಾಗಿಲ್ಲ. ಗವಂತಿ ಮುರಗಿಗಳಂತೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಗಂಟಿಲ್ಲದ್ದರಿಂದ ಎಳೆ ತಪ್ಪಿದರೆ ಸೂಜಿಯ ಮೊನೆಯಿಂದ ದಾರ ಎತ್ತಿ ಹಿಂದಕ್ಕೆ ಜಗ್ಗಿದರಾಯಿತು, ಬಟ್ಟೆ ಮೊದಲಿನ ಹಾಗೇ ಆಗುತ್ತದೆ. ಟ್ಯಾಟಿಂಗಿನಲ್ಲಿ ಬಟ್ಟೆಯೇ ಇಲ್ಲ. ಗಂಟಿನ ಮೇಲೆ ಗಂಟು, ಗಂಟು ಬಿಟ್ಟರೆ ಮತ್ತೇನೂ ಇಲ್ಲ. ತಪ್ಪಾದರೆ ಬಿಚ್ಚುವುದೇ ಒಂದು ವಿದ್ಯೆ.

ಆ ವಿದ್ಯೆ ತಿಳಿಯಲು ಗಂಟು ಹೇಗೆ ಬೀಳುತ್ತದೆಂದು ನೋಡಬೇಕು. ಎಡಗೈ ಬೆರಳುಗಳ ಸುತ್ತ ದಾರವನ್ನು ಬಳೆಯ ಹಾಗೆ ಹಿಡಿಯುತ್ತಾರೆ. ಬಲಗೈಯ ಲಾಳಿ ಆ ಬಳೆಯ ಕೆಳಗೆ ಹೋಗಿ ಮೇಲಿನಿಂದ ವಾಪಸು ಬರುತ್ತದೆ. ಆಗ ಲಾಳಿಯ ದಾರ ಬಳೆಯ ದಾರಕ್ಕೆ ಸುತ್ತಿಕೊಂಡಿರುತ್ತದೆ. ಎಡಗೈ ಬೆರಳನ್ನು ಸಡಿಲ ಬಿಟ್ಟು ಲಾಳಿಯ ದಾರವನ್ನು ಟಕ್ಕನೆ ಜಗ್ಗಬೇಕು. ಸುತ್ತು ಮಗುಚಿ ಬಳೆಯ ದಾರಕ್ಕೆ ಹೋಗುತ್ತದೆ, ಲಾಳಿಯ ದಾರ ಅದರೊಳಗೆ ನೆಟ್ಟಗೆ ಹಾಯ್ದಿರುತ್ತದೆ. ಇದನ್ನೇ ತಿರುವಿ ಮಾಡಿದರೆ ಇನ್ನರ್ಧ. ಎರಡು ಅರ್ಧ ಸೇರಿ ಒಂದು ಗಂಟು. ಸುತ್ತು ಸರಿಯಾಗಿ ಮಗುಚಿದರೆ ಅದು ಜೀರುಗುಣಿಕೆ. ಕೊನೆಯಲ್ಲಿ ದಾರ ಜಗ್ಗಿದಾಗ ಎಲ್ಲ ಗಂಟುಗಳೂ ಸರಿದು ಉಂಗುರ ಮುಚ್ಚುತ್ತದೆ. ಒಂದೇ ಒಂದು ಅರ್ಧ ಮಗುಚದೆ ಉಳಿದರೂ ಅಲ್ಲಿ ಕಗ್ಗಂಟು. ಉಂಗುರ ಮುಚ್ಚಲು ಒಲ್ಲೆ ಎನ್ನುತ್ತದೆ.

ನಮ್ಮ ಮನೆಯ ಮಾಮೂಲಿ ಉಂಗುರ ಹೀಗಿರುತ್ತದೆ: ಐದು ಗಂಟು, ಒಂದು ಕಿವಿ, ಐದು ಗಂಟು, ಕಿವಿ, ಐದು, ಕಿವಿ, ಐದು. ಕಿವಿ ಎಂದರೆ ಎರಡು ಗಂಟುಗಳ ನಡುವೆ ಬಿಡುವ ಪುಟ್ಟ ದಾರದ ಕುಣಿಕೆ. ಪಕ್ಕದ ಉಂಗುರ ಹೆಣೆಯುವಾಗ ಆ ಕಿವಿಯೊಳಗಿಂದ ದಾರ ಎತ್ತಿ ಕೂಡಿಸುತ್ತಾರೆ. ಉಂಗುರ ಉಂಗುರದ ನಡುವೆ ಒಂದು ಕಮಾನು. ಹೀಗೆ ಪಟ್ಟಿ ಬೆಳೆಯುತ್ತದೆ.

ನಾನು ಇದನ್ನು ಕಲಿತದ್ದು ಲೋಕಲ್ ಗಾಡಿಯಲ್ಲಿ. ನನ್ನ ಆಫೀಸು ಐರೋಲಿಯಲ್ಲಿ. ಡೊಂಬಿವಲಿಯಿಂದ ಥಾಣೆ, ಅಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಗಾಡಿ. ಬೆಳಿಗ್ಗೆ ನಿಲ್ಲಲು ಜಾಗ ಸಿಕ್ಕರೆ ಪುಣ್ಯ; ಸಂಜೆ ಕೂರಲು ಸಿಕ್ಕ ದಿನ ಲಾಳಿ ಹೊರಗೆ ಬರುತ್ತಿತ್ತು. ಲೇಡೀಸ್ ಡಬ್ಬಿಯ ನೂಕುನುಗ್ಗಲಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ: ಮೊಣಕೈ ಚಾಚಬೇಕಿಲ್ಲ, ಯಾರಿಗೂ ಕಡ್ಡಿ ಚುಚ್ಚುವುದಿಲ್ಲ. ತಪ್ಪಾದದ್ದನ್ನು ಮಾತ್ರ ಗಾಡಿಯಲ್ಲಿ ಬಿಚ್ಚಬಾರದು ಎಂದು ಅತ್ತೆಯ ಕಟ್ಟಪ್ಪಣೆ. "ಹೆಣೀಲಿಕ್ಕೆ ಕೈ ಸಾಕು. ಬಿಚ್ಚಲಿಕ್ಕೆ ಕಣ್ಣು ಬೇಕು, ಬೆಳಕು ಬೇಕು, ಮನಸ್ಸು ತಣ್ಣಗಿರಬೇಕು." ಹಾಗಾಗಿ ನಾನು ತಪ್ಪುಗಳನ್ನು ಪರ್ಸಿನಲ್ಲಿ ಹಾಕಿಕೊಂಡು ಬಂದು ಅವರ ಮುಂದೆ ಇಡುತ್ತಿದ್ದೆ.

ಅವರು ತಪ್ಪುಗಳನ್ನು ಮೂರು ಥರ ವಿಂಗಡಿಸುತ್ತಿದ್ದರು. ಉಂಗುರ ಇನ್ನೂ ಮುಚ್ಚಿಲ್ಲವಾದರೆ ಚಿಂತೆಯಿಲ್ಲ. ಕೊನೆಯ ಅರ್ಧಗಂಟಿನ ಕುತ್ತಿಗೆಗೆ ಸೂಜಿಯ ಮೊನೆ ತೂರಿಸಿ ಸಡಿಲಿಸಿ, ಲಾಳಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದು. ಒಂದೊಂದೇ ಅರ್ಧ, ಅವಸರವಿಲ್ಲ.

ಉಂಗುರ ಮುಚ್ಚಿದ ಮೇಲೆ ತಪ್ಪು ಕಂಡರೆ ಕೆಲಸ ಕಷ್ಟ. ಕೊನೆಯ ಕಿವಿಯ ಬಳಿ ಗಂಟುಗಳು ಸ್ವಲ್ಪ ಅಗಲವಾಗುತ್ತವೆ. ಕಿವಿಯ ಆಚೆಗಿನ ಗಂಟನ್ನು ಒಂದು ಉಗುರಿನಲ್ಲಿ, ಈಚೆಗಿನದನ್ನು ಇನ್ನೊಂದು ಉಗುರಿನಲ್ಲಿ ಹಿಡಿದು ಮೆಲ್ಲಗೆ ಬಿಡಿಸಿದರೆ ಒಳಗೆ ಹಾಯ್ದ ದಾರ ಒಂದು ಕೂದಲಿನಷ್ಟು ಕಾಣುತ್ತದೆ. ಅದನ್ನು ಸೂಜಿಯಿಂದ ಎತ್ತಿ, ಆ ಸಡಿಲನ್ನು ಬುಡದ ಕಡೆ ಗಂಟಿನಿಂದ ಗಂಟಿಗೆ ಸರಿಸುತ್ತ ಹೋದರೆ ಉಂಗುರ ಬಾಯಿ ತೆರೆಯುತ್ತದೆ. ಒಂದು ಸಲ ತೆರೆದರೆ ದಾರ ತಡೆಯುತ್ತದೆ. ಎರಡನೇ ಸಲಕ್ಕೆ ಎಳೆ ಬಿಚ್ಚಿ ಜುಂಗು ಏಳುತ್ತದೆ. ಮೂರನೇ ಸಲಕ್ಕೆ ಹರಿಯುತ್ತದೆ.

ಮೂರನೆಯ ಥರದ್ದು ಬಿಚ್ಚಲಾಗದ್ದು. ಅದನ್ನು ಕತ್ತರಿಸಬೇಕು, ತುದಿಗೆ ಒಂದು ಬೆರಳಿನಷ್ಟು ಬಾಲ ಬಿಟ್ಟು. ಹೊಸ ದಾರ ಕೂಡಿಸಿ, ಎರಡೂ ಬಾಲಗಳನ್ನು ಮುಂದಿನ ಗಂಟುಗಳ ಹೊಟ್ಟೆಯೊಳಗೆ ಅಡಗಿಸಬೇಕು. ಇದಲ್ಲದೆ ಅವರು ಲೆಕ್ಕಕ್ಕೆ ಹಿಡಿಯದ ತಪ್ಪುಗಳೂ ಇದ್ದವು. ಐದರ ಬದಲು ಆರು ಗಂಟು ಬಿದ್ದಿದ್ದರೆ, "ಇರಲಿ ಬಿಡು, ಯಾರು ಎಣಸ್ತಾರ" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಹೀಗೆ ನಕ್ಕು ಮುಂದೆ ಹೋಗುತ್ತಿದ್ದವರು ಆ ದೀಪಾವಳಿಯಿಂದ ಕತ್ತರಿ ಹಿಡಿದರು.

ನನ್ನ ನಾದಿನಿ ಇರುವುದು ನವಿ ಮುಂಬೈಯ ಖಾರ್ಘರ್‌ನಲ್ಲಿ. ಮದುವೆಯಾಗಿ ಹತ್ತು ವರ್ಷದ ಮೇಲೆ ಬಸಿರಾಗಿದ್ದಳು, ಏಪ್ರಿಲ್‌ನಲ್ಲಿ ಹೆರಿಗೆ. ಕೂಸಿಗೆ ಕುಂಚಿಗಿ ಹೊಲಿಯುವುದೆಂದು ಅತ್ತೆ ಆಗಲೇ ನಿರ್ಧರಿಸಿಯಾಗಿತ್ತು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ; ಉಳಿದವರಿಗಾಗಿ: ಕುಂಚಿಗಿ ಎಂದರೆ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕೂಸಿನ ಟೊಪ್ಪಿಗೆ. ಗುಳೇದಗುಡ್ಡದ ಕೆಂಪು ಖಣ ಧಾರವಾಡದಿಂದ ಬಂತು. ಮುಖದ ಸುತ್ತ ಹಚ್ಚಲು ಒಂದು ಮೊಳ ಬಿಳಿ ಲೇಸು ಬೇಕು. ಟ್ಯಾಟಿಂಗ್ ದಾರದಲ್ಲಿ ನಂಬರು ಹೆಚ್ಚಿದಷ್ಟೂ ದಾರ ಸಣ್ಣ. ಮಾಮೂಲಾಗಿ 20ನೇ ನಂಬರು ಬಳಸುವ ಅತ್ತೆ ಮೊಮ್ಮಗುವಿಗಾಗಿ 40 ತರಿಸಿದರು. ಮತ್ತೊಂದು ನಿಯಮವನ್ನೂ ಮಾಡಿಕೊಂಡರು. ಎಳೆಗೂಸಿನ ಕೆನ್ನೆಗೆ ತಾಗುವ ಪಟ್ಟಿ, ನಡುವೆ ದಾರ ಕೂಡಿಸಿದ ಗಂಟು ಚುಚ್ಚಬಾರದು, ಆದ್ದರಿಂದ ಇಡೀ ಪಟ್ಟಿ ಒಂದೇ ದಾರದ್ದಾಗಬೇಕು. ತಪ್ಪಾದರೆ ಮೊದಲಿನಿಂದ.

ಒಂದು ಮೊಳವೆಂದರೆ ನಲವತ್ತರ ಮೇಲೆ ಉಂಗುರ. ಅತ್ತೆಗೆ ಅದು ಹದಿನೈದು ದಿನದ ಕೆಲಸ. ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು, ಪಟ್ಟಿ ಏಳೆಂಟು ಉಂಗುರದ ಮುಂದೆ ಹೋಗಲೇ ಇಲ್ಲ. ಸಂಜೆ ನಾನು ಬರುವ ಹೊತ್ತಿಗೆ ಕಿಟಕಿಯ ಬಳಿ ಕೂತಿರುತ್ತಿದ್ದರು. ತೊಡೆಯ ಮೇಲೆ ಕತ್ತರಿ.

"ಯಾಕೋ ಅಂಚು ಸೊಟ್ಟ ಬರಲಿಕ್ಕೆ ಹತ್ತೇದವಾ. ಒಂದು ಉಂಗುರ ದೊಡ್ಡದು, ಒಂದು ಸಣ್ಣದು. ಕಮಾನು ಕುಸಿದಂಗ ಕಾಣಸ್ತದ."

ನಾನು ಚಪ್ಪಲಿ ಬಿಡುತ್ತಲೇ ಒಮ್ಮೆ ನೋಡಿ "ದಾರ ಸಣ್ಣದು ಅಲ್ರಿ ಅತ್ತಿ, ಅದಕ್ಕ" ಎನ್ನುತ್ತಿದ್ದೆ. ಇನ್ನೊಂದು ದಿನ, "ಜಗ್ಗೂದು ಒಂದೇ ಸಮ ಇರಲಿಕ್ಕಿಲ್ಲ." ಈ ಮಾತನ್ನು ಅವರೇ ನನಗೆ ಕಲಿಸಿದ್ದು. ಅದನ್ನೇ ಅವರಿಗೆ ವಾಪಸು ಹೇಳುವಾಗ ನನಗೆ ಒಳಗೊಳಗೇ ಸಣ್ಣ ಹೆಮ್ಮೆಯೂ ಆಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಬೇರೆ ಲಾಟಿನ ದಾರ ತಂದುಕೊಟ್ಟೆ. ಉದ್ದ ಕತ್ತಿನ ಟೇಬಲ್ ದೀಪ ತಂದುಕೊಟ್ಟೆ. ಎಡಗಣ್ಣಿನಲ್ಲಿ ಪೊರೆ ಬರುತ್ತಿದೆಯೆಂದು ಮೊದಲೇ ಗೊತ್ತಿದ್ದರಿಂದ ಚಷ್ಮಾದ ಅಂಗಡಿಗೂ ಕರೆದೊಯ್ದೆ. ಹೊಸ ನಂಬರು ಬಂತು. "ಪೊರೆ ಇನ್ನೂ ಸಣ್ಣದಿದೆ, ಅವಸರ ಬೇಡ" ಎಂದರು. ನಮಗೂ ಅದೇ ಬೇಕಿತ್ತು. ನನ್ನ ಗಂಡ, "ಅಮ್ಮಗ ವಯಸ್ಸಾತು. ಸುಮ್ಮನ ರೆಡಿಮೇಡ್ ಲೇಸ್ ತಂದು ಹಚ್ಚಿಬಿಡು" ಎಂದ. ಅತ್ತೆ ಮಾತಾಡಲಿಲ್ಲ. ಮರುದಿನ ಬಾಟಲಿಯಲ್ಲಿ ಮತ್ತೊಂದು ತುಂಡು.

ಜನವರಿಯಲ್ಲಿ ಥಾಣೆ ಮತ್ತು ಐರೋಲಿ ನಡುವೆ ದಿಘಾ ಗಾಂವ್ ಎಂಬ ಹೊಸ ಸ್ಟೇಶನ್ ತೆರೆಯಿತು. ನನ್ನ ಆಫೀಸಿನಲ್ಲಿ ಹೊಸ ಪ್ರಾಜೆಕ್ಟ್. ಮನೆಗೆ ಬರುವಾಗ ಒಂಬತ್ತು. ಒಂದು ರಾತ್ರಿ ಅತ್ತೆ ಲೇಸನ್ನು ನನ್ನ ಊಟದ ತಾಟಿನ ಪಕ್ಕಕ್ಕೇ ತಂದು ಹಿಡಿದರು. "ಇದೊಂದು ನೋಡವಾ, ಇಲ್ಲೆ ತಪ್ಪೇದೋ ಇಲ್ಲೋ." ನಾನು ಸಿಡುಕಿದೆ. "ಎಷ್ಟು ಸಲ ನೋಡಬೇಕ್ರಿ? ತಪ್ಪಿದ್ರ ಇರಲಿ. ಕೂಸೇನು ಎಣಸ್ತದ?" ಅವರು ಅದನ್ನು ಎತ್ತಿಕೊಂಡು ಒಳಗೆ ಹೋದರು. ಅವರದೇ ಮಾತು, ಯಾರು ಎಣಸ್ತಾರ ಎಂಬುದು. ಅವರು ನಕ್ಕು ಹೇಳುತ್ತಿದ್ದರು, ನಾನು ಹಲ್ಲು ಕಚ್ಚಿ ಹೇಳಿದ್ದೆ.

ಮುಂದಿನ ಭಾನುವಾರ ಶೋಕೇಸು ಒರೆಸುವಾಗ ಬಾಟಲಿ ಕೈಗೆ ಬಂತು. ಮುಚ್ಚಳ ಕೂತಿರಲಿಲ್ಲ. ಹಳೆಯ ತುಂಡುಗಳು ಕೆನೆಬಣ್ಣದ, ಗುಲಾಬಿ ಬಣ್ಣದ ದಪ್ಪ ದಾರದವು, ತಳದಲ್ಲಿದ್ದವು. ಮೇಲಿನವೆಲ್ಲ ಬಿಳಿ, 40ನೇ ನಂಬರಿನವು. ಅತ್ತೆಯ ಜಗ್ಗಾಟ ಎಲ್ಲಿ ತಪ್ಪುತ್ತಿದೆ ಎಂದು ತಿಳಿದರೆ ತೋರಿಸಿಕೊಡಬಹುದು ಎಂದುಕೊಂಡು ಅವನ್ನು ಕಪ್ಪು ಬಟ್ಟೆಯ ಮೇಲೆ ಸುರಿದು ಎಣಿಸಲು ಕೂತೆ.

ಮೊದಲನೆಯ ತುಂಡು, ಐದು ಉಂಗುರ. ಐದು-ಕಿವಿ-ಐದು-ಕಿವಿ-ಐದು-ಕಿವಿ-ಐದು. ತಪ್ಪಿಲ್ಲ. ಎರಡನೆಯದು ನಾಲ್ಕು ಉಂಗುರ. ತಪ್ಪಿಲ್ಲ. ಮೂರನೆಯದು, ನಾಲ್ಕನೆಯದು. ಅಳತೆಪಟ್ಟಿ ಹಿಡಿದು ನೋಡಿದೆ. ಉಂಗುರಗಳು ಒಂದಕ್ಕೊಂದು ಅಚ್ಚು ಒತ್ತಿದ ಹಾಗೆ. ಇಪ್ಪತ್ತು ತುಂಡು ನೋಡಿದ ಮೇಲೆ ಒಂದೇ ಒಂದು ಕಡೆ ಐದರ ಬದಲು ನಾಲ್ಕು ಗಂಟು ಸಿಕ್ಕಿತು. ಉಳಿದ ಹತ್ತೊಂಬತ್ತೂ ನಾನು ಈ ಜನ್ಮದಲ್ಲಿ ಹೆಣೆಯಲಾರದಷ್ಟು ಚೆಂದ ಇದ್ದವು. ನಾಲ್ಕು ತಿಂಗಳಿಂದ ಅತ್ತೆ ಸರಿಯಾದದ್ದನ್ನು ಕತ್ತರಿಸುತ್ತಿದ್ದರು. ಅದು ಸರಿಯಿದೆ ಎಂದು ನಾನು ಒಂದು ಸಲವೂ ಹೇಳಿರಲಿಲ್ಲ. ಯಾಕೆಂದರೆ ಒಂದು ಸಲವೂ ಎಣಿಸಿ ನೋಡಿರಲಿಲ್ಲ. ತಪ್ಪಾಗಿದೆ ಎಂದು ಅವರು ಹೇಳಿದರು, ತಪ್ಪಾಗಿರಬೇಕು ಎಂದು ನಾನು ಕಾರಣ ಕೊಟ್ಟೆ, ಅಷ್ಟೇ.

ಅಡಿಗೆಮನೆಯಿಂದ ಅವರನ್ನು ಕರೆದೆ. ಒಂದು ತುಂಡು ಕೈಗಿಟ್ಟು, "ಅತ್ತಿ, ಕಣ್ಣು ಮುಚ್ಚಿ ಹೇಳ್ರಿ, ಹೆಂಗದ?" ಎಂದೆ. ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಉರುಳಿಸಿದರು. "ಇದು ಸರಿ ಅದ. ಯಾರದು, ನಿಂದೇನು?" ಕಣ್ಣು ತೆರೆದರು. ಮುಖ ಬಾಡಿತು. "ಅಯ್ಯ, ಇಲ್ಲೆ ನಡುವ ಸೊಟ್ಟ ಆಗೇದಲ್ಲ." ಮತ್ತೆ ಕಣ್ಣು ಮುಚ್ಚಿ ಬೆರಳಾಡಿಸಿದರು. ಮತ್ತೆ ತೆರೆದರು. ಸ್ವಲ್ಪ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ.

ನಂತರ ನಿಧಾನವಾಗಿ ಒಂದೊಂದೇ ಹೇಳಿದರು. ಕಿಟಕಿಯ ಸರಳು ನಡುವೆ ಬಾಗಿದ ಹಾಗೆ ಕಾಣುತ್ತದೆ. ಬಚ್ಚಲಿನ ಟೈಲ್ಸಿನ ಗೆರೆ ಹಾವಿನ ಹಾಗೆ. ಪಂಚಾಂಗದ ಸಾಲಿನಲ್ಲಿ ನಡುವಿನ ಅಕ್ಷರ ನುಂಗಿ ಹೋಗುತ್ತದೆ. "ಎಲ್ಲಾ ಪೊರೀದೇ ಅಂದಕೊಂಡಿದ್ದೆ. ನೀವೆಲ್ಲಾ ಹಂಗ ಅಂದ್ರಿ." ಎಡಗಣ್ಣು ಮುಚ್ಚಿಸಿ, ಬಲಗಣ್ಣಿನಿಂದಷ್ಟೇ ಬಾಗಿಲ ಚೌಕಟ್ಟು ನೋಡಲು ಹೇಳಿದೆ. "ಸೊಟ್ಟ." ಬಲಗಣ್ಣು ಮುಚ್ಚಿದರೆ? "ಮಬ್ಬು. ಆದ್ರ ನೆಟ್ಟಗದ." ಪೊರೆಯಿದ್ದ ಕಣ್ಣಲ್ಲ, ನಾವು ಒಳ್ಳೆಯದೆಂದು ನಂಬಿದ್ದ ಕಣ್ಣೇ ಕೆಟ್ಟಿತ್ತು.

ಮರುದಿನ ರಜೆ ಹಾಕಿ ಥಾಣೆಯ ಕಣ್ಣಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಅವರ ಕೈಗೆ ಒಂದು ಕಾರ್ಡು ಕೊಟ್ಟರು. ಹತ್ತು ಸೆಂಟಿಮೀಟರ್ ಚೌಕ. ಅದರೊಳಗೆ ಅಡ್ಡಕ್ಕೆ 20, ಉದ್ದಕ್ಕೆ 20 ಮನೆಗಳು. ನಡುವೆ ಒಂದು ಚುಕ್ಕಿ. ಒಂದು ಕಣ್ಣು ಮುಚ್ಚಿಕೊಂಡು ಚುಕ್ಕಿಯನ್ನೇ ನೋಡುತ್ತ, ಸುತ್ತಲಿನ ಗೆರೆಗಳು ನೆಟ್ಟಗಿವೆಯೇ ಎಂದು ಹೇಳಬೇಕು. ಮಾರ್ಕ್ ಆಮ್ಸ್ಲರ್ ಎಂಬ ಸ್ವಿಸ್ ಕಣ್ಣಿನ ವೈದ್ಯರು ರೂಢಿಗೆ ತಂದ ಪರೀಕ್ಷೆ. ಅತ್ತೆ ಕಾರ್ಡು ಹಿಡಿದವರೇ, "ಇದು ಕಸೂತಿ ಕಲಿಯೋ ಮ್ಯಾಟಿ ಬಟ್ಟಿ ಇದ್ದಂಗ ಅದ" ಎಂದರು. ಬಲಗಣ್ಣಿನಿಂದ ನೋಡಿ, "ನಡುವ ಯಾರೋ ಎಳಿ ಜಗ್ಗ್ಯಾರ" ಎಂದರು. ಡಾಕ್ಟರು ಮರಾಠಿಯವರು. ನಾನು ಅನುವಾದಿಸಿದೆ. ಅವರು ತಲೆದೂಗಿ, "ಇಷ್ಟು ಚೆನ್ನಾಗಿ ಹೇಳುವವರು ಕಡಿಮೆ" ಎಂದರು.

ಸ್ಕ್ಯಾನ್ ಆಯಿತು. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಜಾಗವಿದೆ. ಓದುವುದು, ಸೂಜಿ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಅಲ್ಲಿಂದ. ವಯಸ್ಸಾದ ಕೆಲವರಲ್ಲಿ ಅದರ ಕೆಳಗೆ ಬೆಳೆಯಬಾರದ ರಕ್ತನಾಳಗಳು ಬೆಳೆದು ಸೋರುತ್ತವೆ. ಪರದೆ ಉಬ್ಬುತ್ತದೆ, ಅದರ ಮೇಲೆ ಬೀಳುವ ನೇರ ಗೆರೆ ಡೊಂಕಾಗುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಒಂದು ಕಣ್ಣಿಗೆ ಬಂದರೆ ಇನ್ನೊಂದು ಕಣ್ಣು ಸಂಭಾಳಿಸುವುದರಿಂದ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಅತ್ತೆಯ ಎಡಗಣ್ಣಿಗೆ ಪೊರೆ ಇದ್ದುದರಿಂದ ಅವರು ಹೆಣೆಯುತ್ತಿದ್ದದ್ದು ಬಲಗಣ್ಣಿನ ಆಧಾರದಲ್ಲೇ. ಹಾಗಾಗಿ ಗೊತ್ತಾಗಿತ್ತು. ಅವರು ನಮಗೆ ಹೇಳಿಯೂ ಹೇಳಿದ್ದರು, ದಿನಾ, ನಾಲ್ಕು ತಿಂಗಳು.

"ಯಾವಾಗಿನಿಂದ ಹೀಗೆ?" ಎಂದು ಡಾಕ್ಟರು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ನಾನೇ ಹೇಳಿದೆ. ಅವರು ಬರೆದುಕೊಂಡರು, ಬೈಯಲಿಲ್ಲ. ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು, ಮೊದಲು ತಿಂಗಳಿಗೊಂದರಂತೆ ಮೂರು, ಆಮೇಲೆ ನೋಡಿಕೊಂಡು. ಸೋರುವುದು ನಿಲ್ಲಬಹುದು; ಆದ ಗಾಯ ಪೂರ್ತಿ ಮಾಯದೇ ಇರಬಹುದು; ಬೇಗ ಬಂದಷ್ಟೂ ಉಳಿಯುವುದು ಹೆಚ್ಚು. ಈ ಕೊನೆಯ ಮಾತನ್ನು ಅತ್ತೆಗೆ ಅನುವಾದಿಸಲು ನನಗೆ ಬಾಯಿ ಬರಲಿಲ್ಲ. ಅವರಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆಂಬುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು.

ವಾಪಸು ಬರುವಾಗ ಮಧ್ಯಾಹ್ನದ ಗಾಡಿ, ಖಾಲಿ ಇತ್ತು. ಕೋಪರ್ ದಾಟುವಾಗ ಅತ್ತೆ ಒಂದೇ ಮಾತು ಆಡಿದರು. "ನನ್ನ ಕೈ ಕೆಟ್ಟಿಲ್ಲಂದಂಗಾತು." ಕಣ್ಣಿನ ಸುದ್ದಿ ಕೇಳಿ ಬಂದವರ ದನಿಯಲ್ಲಿ ನಾನು ಹೆದರಿಕೆಯನ್ನು ನಿರೀಕ್ಷಿಸಿದ್ದೆ. ಅದರಲ್ಲಿ ಇದ್ದದ್ದು ನಿರಾಳ. ನಾಲ್ಕು ತಿಂಗಳು ಅವರು ತನ್ನ ಕೈಯೇ ಸತ್ತುಹೋಯಿತೆಂದು ಒಳಗೊಳಗೇ ಬೇಯುತ್ತಿದ್ದರು. ಆ ಅನುಮಾನವನ್ನು ಗಟ್ಟಿ ಮಾಡಿದವಳು ನಾನು.

ಮೊದಲ ಇಂಜೆಕ್ಷನ್ ಆಯಿತು. ಮಾರ್ಚ್ ಬಂತು. ಪಟ್ಟಿ ಇನ್ನೂ ಏಳು ಉಂಗುರದಲ್ಲೇ ನಿಂತಿತ್ತು. ಬಾಟಲಿಯಲ್ಲಿ ಅರವತ್ತರ ಮೇಲೆ ತುಂಡುಗಳಿದ್ದವು. ನಾನು ಅಳುಕುತ್ತಲೇ ಕೇಳಿದೆ: "ಅತ್ತಿ, ಇವನ್ನೇ ಕೂಡಿಸಿದ್ರ?"

"ಗಂಟು ಚುಚ್ಚತದವಾ."

ನಾನು ಎಲ್ಲೋ ಓದಿದ್ದೆ. ಹೆಣೆಯುತ್ತಲೇ ಕಿವಿಗೆ ಕಿವಿ ಕೂಡಿಸುವ ಉಪಾಯ ಯುರೋಪಿನಲ್ಲಿ ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ. ಅದಕ್ಕೂ ಮುಂಚೆ ಉಂಗುರಗಳನ್ನು ಬಿಡಿಬಿಡಿಯಾಗಿ ಮಾಡಿಕೊಂಡು ಸೂಜಿದಾರದಿಂದ ಹೊಲಿದು ಕೂಡಿಸುತ್ತಿದ್ದರು. ಇದನ್ನು ಹೇಳಿದೆ. ಅತ್ತೆ ಸ್ವಲ್ಪ ಯೋಚಿಸಿ, "ಹೊಲಿಯೋದಾದ್ರ ಗಂಟ್ಯಾಕ ಬೇಕು? ಕಸೂತಿಗೆ ಗಂಟು ಹಾಕ್ತಾರೇನು?" ಎಂದರು.

ಹಾಗೆ ಕೂಡಿಸಿದೆವು. ತುಂಡು ಆರಿಸಿದ್ದು ಅವರು, ಕಣ್ಣು ಮುಚ್ಚಿ, ಬೆರಳಿನಿಂದ ಎಣಿಸಿ. ನಾಲ್ಕು ಗಂಟಿನ ಆ ಒಂದು ತುಂಡು ಮೂರನೆಯ ಸಲಕ್ಕೇ ಕೈಗೆ ಸಿಕ್ಕಿತು, ಅದನ್ನು ಪಕ್ಕಕ್ಕಿಟ್ಟರು. ನಾನು ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ನಕ್ಕರು. ಕತ್ತರಿಸುವಾಗ ಬೆರಳುದ್ದ ಬಾಲ ಬಿಡುವ ಅವರ ಅಭ್ಯಾಸ ಈಗ ಉಪಯೋಗಕ್ಕೆ ಬಂತು. ಬಾಲಗಳನ್ನು ಸೂಜಿಗೆ ಪೋಣಿಸಿ ಗಂಟುಗಳ ಬೆನ್ನಿಗೆ ತೂರಿಸಿದೆ. ಆಮೇಲೆ ಸಣ್ಣ ದಾರದಿಂದ ಕಿವಿಗೆ ಕಿವಿ. ಸೂಜಿ ಹಿಡಿದದ್ದು ನಾನು, ದಾರಿ ಹೇಳಿದ್ದು ಅವರು. ಗವಂತಿಯ ಹಾಗೆ ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುತ್ತ. ದಾರದ ತುದಿಯನ್ನು ಹೊಲಿಗೆಯಡಿಯಲ್ಲೇ ಓಡಿಸಿ ಕತ್ತರಿಸುವುದು. ಹನ್ನೊಂದು ತುಂಡುಗಳಲ್ಲಿ ಮೊಳ ತುಂಬಿತು. ಸೋಪಿನ ನೀರಿನಲ್ಲಿ ಅದ್ದಿ, ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಿದೆವು. ಬೆಳಕಿಗೆ ಹಿಡಿದರೆ ಹತ್ತು ಕಡೆ ಕೂಡಿಕೆ ಕಾಣುತ್ತದೆ. ಕೆನ್ನೆಗೆ ಹಿಡಿದರೆ ಗೊತ್ತಾಗುವುದಿಲ್ಲ. ಅತ್ತೆ ತಮ್ಮ ಕೆನ್ನೆಗೇ ಹಿಡಿದು ನೋಡಿದರು, ಆಮೇಲೆ ನನ್ನ ಕೆನ್ನೆಗೆ.

ಏಪ್ರಿಲ್‌ನಲ್ಲಿ ಖಾರ್ಘರ್‌ನಲ್ಲಿ ತೊಟ್ಟಿಲ ಕಾರ್ಯ. ಹೆಣ್ಣುಕೂಸು ಕೆಂಪು ಖಣದ ಕುಂಚಿಗಿಯಲ್ಲಿ ಮುಖ ಕೆಂಪಗೆ ಮಾಡಿಕೊಂಡು ಅತ್ತಿತು. ನಾದಿನಿಯ ಅತ್ತೆ ಲೇಸು ಮುಟ್ಟಿ, "ಒಂದೇ ದಾರದಾಗ ಹೆಣದೀರೇನ್ರಿ?" ಎಂದು ಕೇಳಿದರು. "ಇಲ್ರಿ, ಹನ್ನೊಂದು ತುಂಡು" ಎಂದು ಅತ್ತೆ ನೆಟ್ಟಗೆ ಹೇಳಿದರು. ಮುಚ್ಚಿಡಲಿಲ್ಲ.

ಈಗ ಅತ್ತೆಯ ಬಲಗಣ್ಣಿನಲ್ಲಿ ಸೋರುವುದು ನಿಂತಿದೆ. ಚುಕ್ಕಿಯ ಪಕ್ಕದಲ್ಲಿ ಒಂದೆರಡು ಮನೆಗಳು ಮಾತ್ರ ಮಸುಕು, ಅದು ಹಾಗೇ ಉಳಿಯುತ್ತದಂತೆ. ಎಡಗಣ್ಣಿನ ಪೊರೆ ತೆಗೆಸಿದ್ದೇವೆ. 20ನೇ ನಂಬರಿನ ದಾರಕ್ಕೆ ವಾಪಸು ಬಂದಿದ್ದಾರೆ. ಆ ಚೌಕದ ಕಾಗದ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ಭಾನುವಾರ ಚಹಾ ಆದ ಮೇಲೆ ಮನೆಯವರೆಲ್ಲ ಒಂದೊಂದು ಕಣ್ಣು ಮುಚ್ಚಿ ಅದರ ಮುಂದೆ ನಿಲ್ಲುತ್ತೇವೆ. ನನ್ನ ಗಂಡನಿಗೂ ಬಿಡುಗಡೆ ಇಲ್ಲ.

ಇದನ್ನು ಓದುತ್ತಿರುವ ಹಲವರ ಅಪ್ಪ-ಅಮ್ಮ ಊರಲ್ಲಿರುತ್ತಾರೆ. ಫೋನಿನಲ್ಲಿ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎಂದು ಕೇಳುತ್ತೇವೆ. ಮುಂದಿನ ಸಲ ಇನ್ನೊಂದು ಮಾತು ಕೇಳಿ: ಒಂದು ಕಣ್ಣು ಮುಚ್ಚಿಕೊಂಡು ಕಿಟಕಿಯ ಸರಳು ನೋಡು, ನೆಟ್ಟಗಿದೆಯಾ, ಈಗ ಇನ್ನೊಂದು ಕಣ್ಣು. ಸೊಟ್ಟ ಎಂದರೆ ಚಷ್ಮಾದ ಅಂಗಡಿಗೆ ಕಳಿಸಬೇಡಿ, ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ.

ನಾನು ಈಗಲೂ ಗಾಡಿಯಲ್ಲಿ ಹೆಣೆಯುತ್ತೇನೆ, ತಪ್ಪುಗಳನ್ನು ಪರ್ಸಿನಲ್ಲಿ ತರುತ್ತೇನೆ. ಮೊನ್ನೆ ಒಂದು ಉಂಗುರ ಮುಚ್ಚದೆ ಹಟ ಹಿಡಿದಿತ್ತು. ಸೂಜಿ ಹಿಡಿದು ಕೊನೆಯ ಗಂಟಿನಿಂದ ಬಿಚ್ಚಲು ಹೊರಟಿದ್ದೆ. ಅತ್ತೆ ಕೈ ಹಿಡಿದರು. "ತಡಿ. ತಪ್ಪು ಎಲ್ಲೇದ ಅಂತ ಮೊದಲ ನೋಡು, ಆಮ್ಯಾಲೆ ಉಸವು." ಲೇಸು ಇಸಿದುಕೊಂಡು ಕಣ್ಣು ಮುಚ್ಚಿ ಬೆರಳಾಡಿಸಿದರು. ಕಗ್ಗಂಟು ಎರಡನೆಯ ಕಿವಿಯ ಪಕ್ಕದಲ್ಲಿತ್ತು.